ರೋಗಿಯ ಪೂರ್ವಚರಿತ್ರೆ ಮತ್ತು ಕಂಪ್ಯೂಟರ್

(ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ಉಪನ್ಯಾಸದ ಬರಹರೂಪ)



ಒಂದು ಹಳ್ಳಿಯ ಸಂಘ 25 ವರ್ಷ ಬಾಗಿಲು ಹಾಕದೆ, ಬಟವಾಡೆ ತಪ್ಪಿಸದೆ ನಡೆದು ಬಂದಿದೆ ಎಂದರೆ ಅದು ಸಣ್ಣ ಮಾತಲ್ಲ. ಅದಕ್ಕಾಗಿ ನಿಮ್ಮೆಲ್ಲರಿಗೂ ಮೊದಲು ನಮ್ಮ ಅಭಿನಂದನೆಗಳು. ಈ ಸಂತೋಷದ ದಿನ ಕಾಯಿಲೆ ವಿಚಾರ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. ಸಂಘದ ಹೊಸ ಕಟ್ಟಡದಲ್ಲಿ ಒಂದು ಕಂಪ್ಯೂಟರ್ ಇಟ್ಟು, ಸದಸ್ಯರ ಆರೋಗ್ಯದ ವಿವರವನ್ನೆಲ್ಲ ಅದರಲ್ಲೇ ಕೇಳಿ ಬರೆದುಕೊಳ್ಳುವ ಏರ್ಪಾಟು ಮಾಡಿದರೆ ಹೇಗೆ ಎಂಬ ಮಾತು ನಿಮ್ಮಲ್ಲಿ ನಡೆದಿದೆ. ಒಂದು ಕಂಪನಿಯವರು ಯಂತ್ರವನ್ನು ಬಿಟ್ಟಿಯಾಗಿ ಕೊಡುತ್ತೇವೆ ಎಂದೂ ಹೇಳಿದ್ದಾರಂತೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನೀವು ಕೈ ಎತ್ತಬೇಕು. ಎತ್ತುವ ಮುಂಚೆ ವಿಚಾರ ತಿಳಿದಿರಲಿ ಎಂದು ಅಧ್ಯಕ್ಷರು ನಮ್ಮನ್ನು ಕರೆದಿದ್ದಾರೆ.

ಹಸುವಿನ ಚರಿತ್ರೆ, ನಮ್ಮ ಚರಿತ್ರೆ

ನಿಮ್ಮ ಹಸು ಮೇವು ಬಿಟ್ಟಿತು ಎನ್ನಿ. ಪಶುವೈದ್ಯರು ಬಂದು ಮೊದಲು ಏನು ಮಾಡುತ್ತಾರೆ? ಸೂಜಿ ತೆಗೆಯುವುದಿಲ್ಲ, ಕೇಳುತ್ತಾರೆ. ಯಾವಾಗ ಕರು ಹಾಕಿತು? ನಿನ್ನೆ ಏನು ತಿಂತು? ಮೆಲುಕು ಹಾಕುತ್ತಾ? ಸಗಣಿ ಹೇಗಿದೆ? ಹಾಲು ಎಷ್ಟು ಇಳಿಯಿತು? ನೀವು ಕ್ಷಣ ತಡೆಯದೆ ಉತ್ತರ ಹೇಳುತ್ತೀರಿ. ಬೆದೆಗೆ ಬಂದ ದಿನ, ಇಂಜೆಕ್ಷನ್ ಹಾಕಿಸಿದ ದಿನ ಎಲ್ಲ ಬಾಯಲ್ಲೇ ಇರುತ್ತದೆ. ಹಸುವಿಗೆ ಬಾಯಿಲ್ಲ, ಅದರ ಬದಲು ನೀವು ಮಾತಾಡುತ್ತೀರಿ.

ಅದೇ ಮನುಷ್ಯ ನಮ್ಮ ಮುಂದೆ ಬಂದು ಕೂತರೆ? "ಏನಪ್ಪ ತೊಂದರೆ?" "ಸುಸ್ತು ಡಾಕ್ಟ್ರೇ." "ಎಷ್ಟು ದಿನದಿಂದ?" "ಅದು ಇದ್ದೇ ಐತೆ." "ಮಾತ್ರೆ ಏನಾದರೂ ತಗೋತಿದ್ಯಾ?" "ಒಂದು ಕೆಂಪು ಮಾತ್ರೆ, ಒಂದು ಬಿಳೀದು." ಅಲ್ಲಿಗೆ ಮುಗಿಯಿತು. ಹೊರಗಡೆ ಇನ್ನೂ ಐವತ್ತು ಜನ ಕಾಯುತ್ತಿರುತ್ತಾರೆ.

ಈ ಕೇಳುವ, ಹೇಳುವ ಕೆಲಸಕ್ಕೆ ವೈದ್ಯರು ಪೂರ್ವಚರಿತ್ರೆ ಎನ್ನುತ್ತಾರೆ. ಇದರ ಬೆಲೆ ಎಷ್ಟೆಂದು 1975ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ವೈದ್ಯರು ಅಳೆದು ನೋಡಿದರು. ಹೊಸದಾಗಿ ಬಂದ 80 ರೋಗಿಗಳಲ್ಲಿ 66 ಮಂದಿಯ ಕಾಯಿಲೆ ಯಾವುದೆಂಬುದು ಪರಿಚಯ ಪತ್ರ ಓದಿ, ಮಾತಾಡಿಸಿದಷ್ಟಕ್ಕೇ ಸರಿಯಾಗಿ ಗೊತ್ತಾಗಿತ್ತು. ಮುಟ್ಟಿ ನೋಡಿದ್ದರಿಂದ ತೀರ್ಮಾನವಾದದ್ದು 7 ಮಂದಿಯಲ್ಲಿ, ರಕ್ತ, ಎಕ್ಸ್‌ರೇ ಮುಂತಾದ ಪರೀಕ್ಷೆಗಳಿಂದ ಇನ್ನು 7 ಮಂದಿಯಲ್ಲಿ. ಆಮೇಲೆ ಹೊಸ ಪರೀಕ್ಷೆಗಳು ಎಷ್ಟೋ ಬಂದಿವೆ. ಆದರೂ ಯಾವ ಪರೀಕ್ಷೆ ಮಾಡಿಸಬೇಕು ಎಂದು ತಿಳಿಯುವುದಕ್ಕಾದರೂ ಮೊದಲು ಕೇಳಲೇಬೇಕು.

ಕೇಳುವ ತಾಳ್ಮೆ ವೈದ್ಯರಿಗೆ ಇದೆಯೇ? 1984ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು 74 ಭೇಟಿಗಳ ಮಾತುಕತೆಯನ್ನು ಧ್ವನಿಮುದ್ರಿಸಿ ಲೆಕ್ಕ ಹಾಕಿದರು. ರೋಗಿ ತನ್ನ ತೊಂದರೆ ಹೇಳಲು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ಅಡ್ಡ ಬಾಯಿ ಹಾಕುತ್ತಿದ್ದರು. ನಾವೂ ಆ ಪೈಕಿಯೇ ಎಂದು ಒಪ್ಪಿಕೊಳ್ಳಲು ನಮಗೆ ನಾಚಿಕೆಯಿಲ್ಲ.

ನಮ್ಮ ಕೈಯಿಂದಲೇ ಆದ ತಪ್ಪು

ಇದಕ್ಕೆ ನಮ್ಮದೇ ಒಂದು ಉದಾಹರಣೆ ಕೊಡುತ್ತೇವೆ. ಎಷ್ಟೋ ವರ್ಷದ ಹಿಂದಿನ ಮಾತು. ಅರವತ್ತು ದಾಟಿದ ಒಬ್ಬ ರೈತರು "ಸುಸ್ತು" ಎಂದು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಸಂತೆ ದಿನ, ಜನ ಕಿಕ್ಕಿರಿದಿದ್ದರು. ಕಣ್ಣಿನ ರೆಪ್ಪೆ ಎಳೆದು ನೋಡಿದೆವು, ರಕ್ತ ಕಡಿಮೆ ಎನ್ನಿಸಿತು. ಕಬ್ಬಿಣದ ಮಾತ್ರೆ ಬರೆದು ಕಳಿಸಿದೆವು. ಹದಿನೈದು ದಿನ ಬಿಟ್ಟು ಮತ್ತೆ ಬಂದರು, ಮತ್ತೆ ಅದೇ ಮಾತ್ರೆ. ಮೂರನೇ ಸಲ ಅವರು ನಡೆದು ಬರಲಿಲ್ಲ. ಹೊಲದ ಬದುವಿನ ಮೇಲೆ ಬಿದ್ದವರನ್ನು ಮಕ್ಕಳು ಟೆಂಪೋದಲ್ಲಿ ಹಾಕಿಕೊಂಡು ತಂದರು.

ದೊಡ್ಡ ಆಸ್ಪತ್ರೆಗೆ ಕಳಿಸಿದ ಮೇಲೆ ಗೊತ್ತಾದದ್ದು ಇಷ್ಟು. ಮಂಡಿನೋವಿಗೆ ಅವರು ತಿಂಗಳುಗಟ್ಟಲೆ ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದರು. ಜಠರದಲ್ಲಿ ಹುಣ್ಣಾಗಿ ಒಳಗೇ ರಕ್ತ ಸೋರುತ್ತಿತ್ತು. ನಮ್ಮ ಹತ್ತಿರ ಬರುವ ಮುಂಚೆಯೇ ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತಿತ್ತು. ಕಬ್ಬಿಣದ ಮಾತ್ರೆ ತಿಂದರೂ ಮಲ ಕಪ್ಪಾಗುತ್ತದೆ. ಹಾಗಾಗಿ ಮಾತ್ರೆ ಶುರುವಾದ ಮೇಲೆ ಮನೆಯವರೂ "ಇದು ಮಾತ್ರೆಯ ಬಣ್ಣ" ಎಂದು ಸುಮ್ಮನಿದ್ದುಬಿಟ್ಟರು. ನಾವು ಕೊಟ್ಟ ಮಾತ್ರೆಯೇ ಕಾಯಿಲೆಯನ್ನು ಮುಚ್ಚಿಟ್ಟಿತ್ತು!

ಪುಣ್ಯಕ್ಕೆ ರಕ್ತ ಕೊಟ್ಟು ಅವರನ್ನು ಉಳಿಸಿಕೊಂಡರು. ಆಮೇಲೆ ಒಂದು ದಿನ ಕೇಳಿದೆವು, "ಯಜಮಾನ್ರೇ, ಮೊದಲೇ ಯಾಕೆ ಹೇಳಲಿಲ್ಲ?" ಅವರು ಹೇಳಿದ್ದು: "ನೀವು ಕೇಳ್ಲೇ ಇಲ್ವಲ್ಲ ಡಾಕ್ಟ್ರೇ. ನಾಲ್ಕು ಜನರ ಮುಂದೆ ಅಂಥ ಹೇಸಿಗೆ ಮಾತ ನಾನಾಗಿ ಆಡಕಾಯ್ತದಾ?"

ಎರಡೇ ಪ್ರಶ್ನೆ. ಅಂಗಡಿಯಿಂದ ಏನು ಮಾತ್ರೆ ತಗೋತೀರಿ? ಮಲದ ಬಣ್ಣ ಹೇಗಿದೆ? ಈ ಎರಡು ಪ್ರಶ್ನೆ ಕೇಳಲು ನಮಗೆ ಅರ್ಧ ನಿಮಿಷ ಸಾಕಾಗಿತ್ತು. ಸಂತೆ ದಿನ, ಸುಸ್ತು, ಜನಜಂಗುಳಿ ಎಂದು ನಾವು ಎಷ್ಟು ನೆಪ ಹೇಳಿದರೂ ಆ ಅರ್ಧ ನಿಮಿಷ ನಮ್ಮ ಲೆಕ್ಕಕ್ಕೇ ಬರೆಯಬೇಕು.

ಕೇಳಲು ಮರೆಯದ ಯಂತ್ರ

ಮನುಷ್ಯ ಮರೆಯುತ್ತಾನೆ, ಯಂತ್ರ ಮರೆಯುವುದಿಲ್ಲ. ಈ ಯೋಚನೆಯನ್ನು ಮೊದಮೊದಲು ಕಾರ್ಯಕ್ಕೆ ತಂದವರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವೈದ್ಯ ವಾರ್ನರ್ ಸ್ಲ್ಯಾಕ್ ಪ್ರಮುಖರು. 1966ರಲ್ಲಿ ಅವರೂ ಅವರ ಸಂಗಡಿಗರೂ ತಮ್ಮ ಪ್ರಯೋಗದ ವರದಿ ಪ್ರಕಟಿಸಿದರು. ಆಗಿನ ಲಿಂಕ್ ಎಂಬ ಕಂಪ್ಯೂಟರ್ ಬೀರುವಿನಷ್ಟು ದೊಡ್ಡದು. ಅದರ ಪರದೆಯ ಮೇಲೆ ಒಂದೊಂದೇ ಪ್ರಶ್ನೆ ಬರುತ್ತಿತ್ತು. ರೋಗಿ ಗುಂಡಿ ಒತ್ತಿ ಉತ್ತರ ಕೊಡಬೇಕು. ಉತ್ತರಗಳು ನಾಲ್ಕು: ಹೌದು, ಇಲ್ಲ, ಗೊತ್ತಿಲ್ಲ, ಪ್ರಶ್ನೆ ಅರ್ಥವಾಗಲಿಲ್ಲ.

ಆ ನಾಲ್ಕನೆಯ ಗುಂಡಿಯ ಬಗ್ಗೆ ಸ್ವಲ್ಪ ಯೋಚಿಸಿ. ಡಾಕ್ಟರ ಮುಂದೆ ಕೂತು "ನೀವು ಕೇಳಿದ್ದು ಅರ್ಥ ಆಗಲಿಲ್ಲ" ಎಂದು ಹೇಳುವ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ? ಅರ್ಥವಾಗದೇ "ಹ್ಞೂ" ಎಂದು ತಲೆಯಾಡಿಸಿ ಬರುವವರೇ ಹೆಚ್ಚು. ಯಂತ್ರದ ಮುಂದೆ ಆ ಸಂಕೋಚ ಇರಲಿಲ್ಲ. ಆರೋಗ್ಯ ಸೇವೆಯಲ್ಲಿ ಎಲ್ಲಕ್ಕಿಂತ ಕಡಿಮೆ ಬಳಕೆಯಾಗಿರುವ ಶಕ್ತಿ ಎಂದರೆ ರೋಗಿಯೇ ಎಂಬುದು ಸ್ಲ್ಯಾಕ್ ಅವರು ಜೀವನಪರ್ಯಂತ ಹೇಳಿಕೊಂಡು ಬಂದ ಮಾತು. ಅವರು ತೀರಿಕೊಂಡದ್ದು 2018ರಲ್ಲಿ.

ಈ ಯಂತ್ರ ಕೇಳುವ ಕ್ರಮ ಹೊಲಕ್ಕೆ ನೀರು ಬಿಟ್ಟ ಹಾಗೆ. ಕಾಲುವೆಯಿಂದ ಒಂದು ಮಡೆ, ಆ ಮಡೆಯಿಂದ ಒಂದೊಂದು ಪಾತಿ. "ಕೆಮ್ಮು ಇದೆಯಾ?" ಇಲ್ಲ ಎಂದರೆ ಆ ಮಡೆ ಮುಚ್ಚಿ ಮುಂದಕ್ಕೆ ಹೋಗುತ್ತದೆ. ಹೌದು ಎಂದರೆ "ಎರಡು ವಾರಕ್ಕಿಂತ ಹೆಚ್ಚಾಯಿತಾ? ಕಫದಲ್ಲಿ ರಕ್ತ ಬಂತಾ? ರಾತ್ರಿ ಬೆವರುತ್ತಾ? ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತಾ?" ಎಂದು ಒಳಕ್ಕೆ ಇಳಿಯುತ್ತದೆ. ಕೊನೆಗೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಮುದ್ರಿಸಿ ವೈದ್ಯರಿಗೆ ಕೊಡುತ್ತದೆ. ಸಾಹುಕಾರನಿಗೂ ಅದೇ ಪ್ರಶ್ನೆ, ಕೂಲಿಯವನಿಗೂ ಅದೇ ಪ್ರಶ್ನೆ. ನಮ್ಮ ಡೈರಿಯ ಹಾಲು ಪರೀಕ್ಷೆ ಯಂತ್ರಕ್ಕೆ ಯಾರ ಮನೆ ಹಾಲು ಎಂಬುದು ಗೊತ್ತಿಲ್ಲವಷ್ಟೆ, ಇದೂ ಹಾಗೆಯೇ.

ಇನ್ನೊಂದು ಸ್ವಾರಸ್ಯ ಕೇಳಿ. 1977ರಲ್ಲಿ ಸ್ಕಾಟ್ಲೆಂಡಿನ ಗ್ಲ್ಯಾಸ್ಗೋದಲ್ಲಿ ಕುಡಿತದಿಂದ ಕಾಯಿಲೆ ಬಿದ್ದವರನ್ನು ಮನೋವೈದ್ಯರೂ ವಿಚಾರಿಸಿದರು, ಕಂಪ್ಯೂಟರೂ ವಿಚಾರಿಸಿತು. ಎಷ್ಟು ಕುಡಿಯುತ್ತೀರಿ ಎಂಬುದಕ್ಕೆ ವೈದ್ಯರಿಗೆ ಹೇಳಿದ್ದಕ್ಕಿಂತ ಹೆಚ್ಚಿನ ಲೆಕ್ಕವನ್ನು ಅವರು ಯಂತ್ರಕ್ಕೆ ಒಪ್ಪಿಸಿದರು! ಯಂತ್ರ ಹುಬ್ಬು ಹಾರಿಸುವುದಿಲ್ಲ, ಬೈಯುವುದಿಲ್ಲ, ನಾಳೆ ಸಂತೆಯಲ್ಲಿ ಎದುರು ಸಿಗುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಬಿಳಿ ಸೆರಗಿನ ವಿಚಾರ, ಮುಟ್ಟಿನ ತೊಂದರೆ, ಮನೆಯಲ್ಲಿ ತಿಂದ ಏಟು ಇವನ್ನೆಲ್ಲ ವರ್ಷಗಟ್ಟಲೆ ಸೆರಗಿನಲ್ಲಿ ಗಂಟು ಹಾಕಿಕೊಂಡಿರುತ್ತಾರೆ. ಅಂಥವರಿಗೆ ಇದರಿಂದ ಉಪಕಾರ ಆಗಬಹುದು.

ಕಂಪ್ಯೂಟರ್ ಕಾಯಿಲೆ ಹೇಳಬಲ್ಲುದೇ?

ಕೇಳುವುದು ಒಂದು ಕೆಲಸ, ಕೇಳಿದ್ದರಿಂದ ಕಾಯಿಲೆ ಹೇಳುವುದು ಇನ್ನೊಂದು ಕೆಲಸ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಿ ಡೊಂಬಾಲ್ ಎಂಬ ವೈದ್ಯರು ಮತ್ತು ಅವರ ತಂಡ ಇದನ್ನು ಹೊಟ್ಟೆನೋವಿನಲ್ಲಿ ಪರೀಕ್ಷಿಸಿದರು. ಹಿಂದೆ ಬಂದ ರೋಗಿಗಳಲ್ಲಿ ಯಾವ ಲಕ್ಷಣ ಇದ್ದವರಿಗೆ ಯಾವ ಕಾಯಿಲೆ ಎಷ್ಟು ಸಲ ಬಂದಿತ್ತು ಎಂಬ ಲೆಕ್ಕವನ್ನು ಕಂಪ್ಯೂಟರಿಗೆ ತುಂಬಿದರು. ಹೊಸ ರೋಗಿಯ ವಿವರ ಕೊಟ್ಟರೆ ಅದು ಲೆಕ್ಕ ಹಾಕಿ, ಇದು ಅಪೆಂಡಿಕ್ಸ್ ಆಗಿರುವ ಸಂಭವ ಇಷ್ಟು, ಪಿತ್ತಕೋಶದ ಊತ ಆಗಿರುವ ಸಂಭವ ಇಷ್ಟು ಎಂದು ಹೇಳುತ್ತಿತ್ತು. 1972ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 304 ರೋಗಿಗಳ ಪೈಕಿ ಕಂಪ್ಯೂಟರಿನ ತೀರ್ಮಾನ ನೂರಕ್ಕೆ 91.8ರಷ್ಟು ಸರಿ, ತಂಡದ ಅತಿ ಹಿರಿಯ ವೈದ್ಯರದ್ದು 79.6ರಷ್ಟು.

ಇಷ್ಟು ಕೇಳಿ "ಹಾಗಾದ್ರೆ ಡಾಕ್ಟ್ರೇ ಬೇಡ ಬಿಡಿ" ಎನ್ನಬೇಡಿ. ಆ ಯಂತ್ರಕ್ಕೆ ವಿವರ ಕೊಟ್ಟವರು ಯಾರು? ಹೊಟ್ಟೆ ಮುಟ್ಟಿ, ಒತ್ತಿ, ಎಲ್ಲಿ ನೋವು ಎಂದು ನೋಡಿ ಬರೆದುಕೊಂಡ ವೈದ್ಯರೇ. 1986ರಲ್ಲಿ 8 ಆಸ್ಪತ್ರೆಗಳ 16,737 ರೋಗಿಗಳ ವರದಿ ಬಂತು. ಮೊದಲ ನೋಟದ ತೀರ್ಮಾನ ಸರಿಯಾಗುವುದು ನೂರಕ್ಕೆ 45.6ರಿಂದ 65.3ಕ್ಕೆ ಏರಿತ್ತು. ಅನಾವಶ್ಯಕವಾಗಿ ಹೊಟ್ಟೆ ಕೊಯ್ಯುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಇದರಲ್ಲಿ ಕಂಪ್ಯೂಟರಿನ ಪಾತ್ರ ಎಷ್ಟೋ, ಅದಕ್ಕಾಗಿ ಕಿರಿಯ ವೈದ್ಯರು ಒಂದು ನಮೂನೆಯನ್ನು ಬಿಡದೆ ತುಂಬಿದ್ದರ ಪಾತ್ರವೂ ಅಷ್ಟೇ. ಕ್ರಮವಾಗಿ ಕೇಳುವ ಅಭ್ಯಾಸ ಬಿದ್ದದ್ದರಿಂದಲೇ ವೈದ್ಯರು ಸುಧಾರಿಸಿದರು.

ಇನ್ನೊಂದು ಎಚ್ಚರಿಕೆ ಇದೆ. ಒಂದೂರಿನ ಲೆಕ್ಕ ಇನ್ನೊಂದೂರಿಗೆ ಹೊಂದುವುದಿಲ್ಲ. ಲೀಡ್ಸ್‌ನ ಕಂಪ್ಯೂಟರಿಗೆ ನಮ್ಮೂರಿನ ಜ್ವರ ಏನು ಗೊತ್ತು? 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗುರುತಾಯಿತು. ಮಲೆನಾಡಿನವರು ಜ್ವರ ಎಂದು ಬಂದರೆ "ಕಾಡಿಗೆ ಹೋಗಿದ್ರಾ? ಉಣ್ಣೆ ಕಚ್ಚಿತ್ತಾ? ಹತ್ತಿರದಲ್ಲಿ ಮಂಗ ಸತ್ತಿತ್ತಾ?" ಎಂದು ಕೇಳಬೇಕು. ಇನ್ನು ನಮ್ಮ ಹಾಲಿನವರಿಗೆ ವಾರಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಬೆವರು, ಕೀಲುನೋವು ಎಂದರೆ ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ಒಂದು, "ನಿಮ್ಮ ಕೊಟ್ಟಿಗೆಯಲ್ಲಿ ಹಸು ಕಂದು ಹಾಕಿತ್ತಾ? ನೀವೇ ಕೈ ಹಾಕಿ ಸತ್ತೆ ತೆಗೆದಿರಾ? ಹಸಿ ಹಾಲು ಕುಡೀತೀರಾ?" ಎಂಬುದು. ಹಸು ಕಂದು ಹಾಕುವ ಬ್ರುಸೆಲ್ಲಾ ರೋಗ ಮನುಷ್ಯರಿಗೂ ಅಂಟುತ್ತದೆ. ಎಲ್ಲೋ ಪಟ್ಟಣದಲ್ಲಿ ಕೂತು ಪ್ರಶ್ನೆ ಬರೆದವರಿಗೆ ಕೊಟ್ಟಿಗೆ ನೆನಪಾಗುತ್ತದೆಯೇ? ನೀವೇ ಯೋಚನೆ ಮಾಡಿ.

ಈಗಿನ ಕಂಪ್ಯೂಟರುಗಳು ಗುಂಡಿ ಒತ್ತುವ ಕಾಲವನ್ನು ದಾಟಿವೆ. ಕನ್ನಡದಲ್ಲೇ ಮಾತಾಡಿಸಿದರೆ ಕನ್ನಡದಲ್ಲೇ ಉತ್ತರ ಕೊಡುವ ಕೃತಕ ಬುದ್ಧಿಮತ್ತೆ ನಿಮ್ಮ ಮಕ್ಕಳ ಮೊಬೈಲಿನಲ್ಲೇ ಇದೆ. ಗೂಗಲ್ ಸಂಸ್ಥೆಯ ಸಂಶೋಧಕರು ಇಂಥ ಒಂದು ಯಂತ್ರವನ್ನು ವೈದ್ಯರ ಜೊತೆ ಹೋಲಿಸಿ ನೋಡಿದ್ದು 2025ರಲ್ಲಿ ಪ್ರಕಟವಾಯಿತು. ಪೂರ್ವಚರಿತ್ರೆ ಕೇಳುವುದರಲ್ಲೂ ಕಾಯಿಲೆ ಊಹಿಸುವುದರಲ್ಲೂ ಯಂತ್ರಕ್ಕೆ ಒಳ್ಳೆಯ ಅಂಕ ಬಂತು. ಆದರೆ ಅಲ್ಲಿ ರೋಗಿಗಳಾಗಿ ಕೂತವರು ತರಬೇತಿ ಪಡೆದ ನಟರು. ಮಾತುಕತೆ ಎಲ್ಲ ಅಕ್ಷರದಲ್ಲಿ ನಡೆದದ್ದು. ನಮ್ಮ ಅಜ್ಜಿ "ಎದೆ ಹಿಡ್ಕಂಡಂಗಾಯ್ತದೆ ಕಣಪ್ಪ" ಎಂದಾಗ ಅದು ಹೃದಯವೋ, ಗ್ಯಾಸೋ, ಮಗ ಊರು ಬಿಟ್ಟ ಸಂಕಟವೋ ತಿಳಿಯಲು ಮುಖ ನೋಡಬೇಕು, ನಾಡಿ ಹಿಡಿಯಬೇಕು. ಈ ಯಂತ್ರಗಳು ತಪ್ಪನ್ನೂ ಸರಿಯ ಹಾಗೆಯೇ ಗಟ್ಟಿ ದನಿಯಲ್ಲಿ ಹೇಳುತ್ತವೆ ಎಂಬುದೂ ನೆನಪಿರಲಿ.

ನಿಮ್ಮ ಸಂಘ ಏನು ಮಾಡಬಹುದು?

ಸಹಕಾರಕ್ಕೂ ಆರೋಗ್ಯಕ್ಕೂ ನಂಟು ಹೊಸದಲ್ಲ. ಯಶಸ್ವಿನಿ ಯೋಜನೆ 2003ರಲ್ಲಿ ಶುರುವಾದಾಗ ಕಾರ್ಡು ಮಾಡಿಸಿಕೊಂಡದ್ದು ಸಹಕಾರ ಸಂಘಗಳ ಮೂಲಕವೇ. 2018ರಲ್ಲಿ ಅದು ನಿಂತು, 2022–23ರಲ್ಲಿ ಮತ್ತೆ ಜಾರಿಗೆ ಬಂತು. ಆದ್ದರಿಂದ ಸಂಘ ಈ ವಿಚಾರಕ್ಕೆ ಕೈ ಹಾಕುವುದು ತಪ್ಪಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೆ ಕೆಲವು ಕಟ್ಟುಪಾಡು ಮಾಡಿಕೊಂಡು ಕೈ ಹಾಕಿ.

ಮೊದಲನೆಯದು, ಜಾಗ. ಹಾಲು ಅಳೆಯುವ ಕೋಣೆಯಲ್ಲಿ, ಕಾರ್ಯದರ್ಶಿಗಳ ಮೇಜಿನ ಪಕ್ಕದಲ್ಲಿ ಈ ಯಂತ್ರ ಬೇಡ. ಹಿಂದೆ ನಿಂತವರಿಗೆ ಕೇಳಿಸುವ ಹಾಗಿದ್ದರೆ ಯಾವ ಸೊಸೆಯೂ ನಿಜ ಹೇಳುವುದಿಲ್ಲ. ಮೊಮ್ಮಗ ಪಕ್ಕದಲ್ಲಿ ಕೂತು ಒತ್ತಿಕೊಟ್ಟರೆ ಅಜ್ಜಿಯೂ ಹೇಳುವುದಿಲ್ಲ. ಬೇರೆ ಬಾಗಿಲಿನ ಕೋಣೆ ಇರಲಿ, ಬೇಕಾದವರಿಗೆ ಸಹಾಯಕ್ಕೆ ಆಶಾ ಕಾರ್ಯಕರ್ತೆ ಇರಲಿ.

ಎರಡನೆಯದು, ಭಾಷೆ. ಪ್ರಶ್ನೆಗಳು ನಮ್ಮ ಮಾತಿನಲ್ಲಿ, ಓದಲು ಬಾರದವರಿಗೆ ಕೇಳಿಸುವ ಹಾಗೆ ಇರಬೇಕು. ಉಬ್ಬಸ, ಜೋಮು, ಎದೆ ಉರಿ ಎಂದು ಕೇಳಲಿ. ಸ್ಲ್ಯಾಕ್ ಅವರ ಆ ನಾಲ್ಕನೆಯ ಗುಂಡಿ, "ಅರ್ಥ ಆಗಲಿಲ್ಲ" ಎಂಬುದು, ಖಂಡಿತ ಇರಲಿ.

ಮೂರನೆಯದು, ಯಂತ್ರ ಕೇಳಲಿ, ಔಷಧ ಬರೆಯಬಾರದು. ಅದು ಕೊಡುವ ಹಾಳೆ ಒಬ್ಬ ವೈದ್ಯರ ಕೈ ಸೇರಲೇಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೋ, ಸರ್ಕಾರದ ಇ-ಸಂಜೀವಿನಿ ದೂರಸಂಪರ್ಕ ಸೇವೆಯಲ್ಲಿ ಸಿಗುವ ವೈದ್ಯರಿಗೋ ತಲುಪುವ ವ್ಯವಸ್ಥೆ ಮೊದಲು ಆಗಲಿ, ಯಂತ್ರ ಆಮೇಲೆ ಬರಲಿ. ಓದುವವರಿಲ್ಲದ ಹಾಳೆ ರದ್ದಿಗೆ ಸಮ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಈ ವಿವರ ಯಾರ ಸ್ವತ್ತು? ಕಂಪನಿಯವರು ಯಂತ್ರ ಬಿಟ್ಟಿ ಕೊಡುತ್ತಾರೆ ಎಂದರೆ ಅವರಿಗೆ ಸಿಗುವುದೇನು ಎಂದು ಕೇಳಿ. ಹಿಂಡಿ ಮೂಟೆಯನ್ನು ಯಾರೂ ಪುಕ್ಕಟೆ ಕೊಡುವುದಿಲ್ಲ. ನಿಮ್ಮ ಕಾಯಿಲೆಯ ವಿವರ ಔಷಧದ ವ್ಯಾಪಾರಕ್ಕೂ ವಿಮೆಯ ವ್ಯಾಪಾರಕ್ಕೂ ಬೆಲೆಬಾಳುವ ಸರಕು. ಅದು ಸಂಘದ ಖಾತೆ ಪುಸ್ತಕದ ಹತ್ತಿರವೂ ಸುಳಿಯಬಾರದು. ಹಸು ಸಾಲಕ್ಕೆ ಅರ್ಜಿ ಹಾಕಿದವನಿಗೆ ಹೃದಯದ ಕಾಯಿಲೆ ಇದೆ ಎಂದು ಗೊತ್ತಾದರೆ ಜಾಮೀನು ನಿಲ್ಲುವವರು ಯಾರು? ಒಂದು ಹೆಣ್ಣುಮಗುವಿಗೆ ಕ್ಷಯ ಇತ್ತು ಎಂಬ ಮಾತು ಊರಿಗೆ ಹಬ್ಬಿದರೆ, ವಾಸಿಯಾದ ಮೇಲೂ ಅವಳ ಮದುವೆ ಮಾತು ಏನಾಗುತ್ತದೆ ಎಂದು ನಿಮಗೇ ಗೊತ್ತು. 2023ರಲ್ಲಿ ಸಂಸತ್ತು ವೈಯಕ್ತಿಕ ಮಾಹಿತಿ ರಕ್ಷಣೆಗೆಂದು ಕಾಯ್ದೆಯನ್ನೇ ಮಾಡಿದೆ. ಕಾಯ್ದೆ ಇದೆ ಎಂದು ಸುಮ್ಮನಿರಬೇಡಿ, ಮಾಹಿತಿಯನ್ನು ಯಾರಿಗೂ ಮಾರುವುದಿಲ್ಲ, ಸದಸ್ಯರು ಕೇಳಿದರೆ ಅಳಿಸುತ್ತೇವೆ ಎಂದು ಬರಹದಲ್ಲಿ ಬರೆಸಿಕೊಳ್ಳಿ. ಬರೆದು ಕೊಡಲು ಒಪ್ಪದಿದ್ದರೆ ಕೈ ಮುಗಿದು ಕಳಿಸಿಬಿಡಿ.

ಐದನೆಯದು, ಎದೆನೋವಿನ ಜೊತೆ ಬೆವರು, ಒಂದು ಪಕ್ಕದ ಕೈಕಾಲು ಬಿದ್ದುಹೋಗುವುದು, ಬಾಯಿ ಸೊಟ್ಟಗಾಗುವುದು, ಹಾವು ಕಡಿತ, ಔಷಧಿ ಹೊಡೆಯುವಾಗ ವಿಷ ಏರುವುದು, ಬಸುರಿಯರಿಗೆ ರಕ್ತಸ್ರಾವ, ಇಂಥವು ಬಂದಾಗ ಯಾವ ಯಂತ್ರದ ಮುಂದೆಯೂ ಕೂರಬೇಡಿ. 108ಕ್ಕೆ ಫೋನು ಮಾಡಿ, ಆಸ್ಪತ್ರೆಗೆ ಹೊರಡಿ.

ನಾಳೆಯೇ ಶುರು ಮಾಡಬಹುದಾದ ಕೆಲಸ

ಕಂಪ್ಯೂಟರ್ ಬರುವ ತನಕ ಕಾಯಬೇಕಾಗಿಲ್ಲ. ಮನೆಯಲ್ಲಿ ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಮನೆಯ ಒಬ್ಬೊಬ್ಬರಿಗೂ ಒಂದೊಂದು ಹಾಳೆ. ಈಗಿರುವ ತೊಂದರೆ ಏನು, ಎಷ್ಟು ದಿನದಿಂದ? ತಿನ್ನುತ್ತಿರುವ ಮಾತ್ರೆಗಳು ಯಾವುವು, ಅಂಗಡಿಯಿಂದ ತಂದದ್ದೂ ನಾಟಿ ಔಷಧವೂ ಸೇರಿ? ಯಾವ ಔಷಧ ಒಗ್ಗದೆ ಮೈ ಮೇಲೆ ಗಂಧೆ ಎದ್ದಿತ್ತು? ಸಕ್ಕರೆ ಕಾಯಿಲೆ, ಬಿ.ಪಿ., ಕ್ಷಯ, ಆಪರೇಷನ್ ಆಗಿದೆಯೇ? ತಂದೆ ತಾಯಿಗೆ ಏನಿತ್ತು? ಬೀಡಿ, ಕುಡಿತ, ಎಲೆಯಡಿಕೆ ಎಷ್ಟು? ಇಷ್ಟನ್ನು ಮಕ್ಕಳ ಕೈಯಲ್ಲಿ ಬರೆಸಿ. ಮಕ್ಕಳ ಮುಂದೆ ಹೇಳಬಾರದ್ದಿದ್ದರೆ ಡಾಕ್ಟರ ಕಿವಿಗೇ ಹೇಳಿ, "ಒಬ್ಬಳೇ ಮಾತಾಡಬೇಕು ಡಾಕ್ಟ್ರೇ" ಎಂದು ಕೇಳುವ ಹಕ್ಕು ನಿಮಗಿದೆ. ಮಾತ್ರೆಯ ಬಣ್ಣ ಹೇಳಬೇಡಿ, ಖಾಲಿ ಪಟ್ಟಿಯನ್ನೇ ಚೀಲದಲ್ಲಿ ತನ್ನಿ.

ಹಾಗೆ ಹಾಳೆ ಹಿಡಿದು ಬಂದವರನ್ನು 18 ಸೆಕೆಂಡಿಗೆ ಅಡ್ಡ ಹಾಯುವುದಿಲ್ಲ ಎಂದು ನಾವೂ ಈ ವೇದಿಕೆಯ ಮೇಲೆ ಮಾತು ಕೊಡುತ್ತೇವೆ. ತಪ್ಪಿದರೆ ನಿಲ್ಲಿಸಿ ಕೇಳಿ.

25 ವರ್ಷದಿಂದ ದಿನಕ್ಕೆ ಎರಡು ಹೊತ್ತು ನೀವು ಹಾಲಿನ ಲೆಕ್ಕ ತಪ್ಪದೆ ಬರೆಸಿದ್ದೀರಿ. ಹಸುವಿನ ಆರೋಗ್ಯದ ಲೆಕ್ಕ ಬಾಯಲ್ಲೇ ಇಟ್ಟುಕೊಂಡಿದ್ದೀರಿ. ಆ ಹಸು ಕಟ್ಟುವ ಕೈಗಳ ಲೆಕ್ಕವನ್ನೂ ಇಂದಿನಿಂದ ಬರೆದಿಡಿ ಎಂಬುದಷ್ಟೇ ನಮ್ಮ ಪ್ರಾರ್ಥನೆ. ಸಂಘ ಸುವರ್ಣಹಬ್ಬ ಮಾಡುವಾಗ ಇಲ್ಲಿರುವ ಎಲ್ಲರೂ ಮುಂದಿನ ಸಾಲಿನಲ್ಲಿ ಕೂತಿರಬೇಕು.